ಮಗುವಿನ ಒಂದು ಕಣ್ಣು ಮುಚ್ಚಿ ನೋಡಿದವರಾರು?

ಸೇನಾ ಭರ್ತಿ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ಬಸ್ ನಿಲ್ದಾಣಗಳಲ್ಲಿ ನಸುಕಿನಲ್ಲೇ ಹುಡುಗರ ಗುಂಪು ನೆರೆಯುತ್ತದೆ. ಹೆಗಲಿಗೊಂದು ಚೀಲ, ಕೈಯಲ್ಲಿ ಸರ್ಟಿಫಿಕೇಟುಗಳ ಫೈಲು, ಕಾಲಲ್ಲಿ ಓಡಿ ಓಡಿ ಸವೆದ ಬೂಟು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಬೆಳಗಾವಿಯಲ್ಲೇ ಇದೆ. ಹೀಗಾಗಿ ಈ ಭಾಗದ ಹಳ್ಳಿಗಳಲ್ಲಿ ಮಿಲಿಟರಿ ನೌಕರಿ ಎಂದರೆ ಬರೀ ಸಂಬಳದ ಮಾತಲ್ಲ, ಮನೆತನದ ಮರ್ಯಾದೆಯ ಮಾತು. ಎರಡು ವರ್ಷ ರಸ್ತೆ ಮೇಲೆ ಬೆವರು ಸುರಿಸಿದ ಹುಡುಗ ಓಟದಲ್ಲಿ ಪಾಸಾಗುತ್ತಾನೆ, ಎತ್ತರದಲ್ಲಿ ಪಾಸಾಗುತ್ತಾನೆ, ಎದೆಯ ಅಳತೆಯಲ್ಲೂ ಪಾಸಾಗುತ್ತಾನೆ. ಕೊನೆಗೆ ಕಣ್ಣಿನ ಪರೀಕ್ಷೆ. ಗೋಡೆಯ ಮೇಲೆ ಅಕ್ಷರದ ಹಲಗೆ. ಎಡಗಣ್ಣು ಮುಚ್ಚಿದಾಗ ಕೆಳಗಿನ ಸಾಲಿನ ತನಕ ಪಟಪಟನೆ ಓದುತ್ತಾನೆ. ಬಲಗಣ್ಣು ಮುಚ್ಚು ಎಂದ ಕೂಡಲೇ ಬಾಯಿ ಕಟ್ಟುತ್ತದೆ. ಮೇಲಿನ ಒಂದು ದೊಡ್ಡ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಮಸುಕು ಮಸುಕು.

ಹತ್ತೊಂಬತ್ತು ವರ್ಷ ತನ್ನದೇ ಮುಖದ ಮೇಲಿದ್ದ ಕಣ್ಣು ಕೆಲಸ ಮಾಡುತ್ತಿಲ್ಲ ಎಂಬುದು ಆ ಹುಡುಗನಿಗೆ ಗೊತ್ತಾಗುವುದು ಅವತ್ತೇ. ಮನೆಯವರಿಗೂ ಗೊತ್ತಿಲ್ಲ, ಹತ್ತು ವರ್ಷ ಕಲಿಸಿದ ಮಾಸ್ತರರಿಗೂ ಗೊತ್ತಿಲ್ಲ. "ಈಗೇನ್ ಮಾಡೂದ್ರಿ ಡಾಕ್ಟರ್ ಸಾಹೇಬ್ರ, ಚಸ್ಮಾ ಹಾಕಿದ್ರ ಹೋಗೂದಿಲ್ಲೇನ್ರಿ?" ಎಂದು ತಂದೆ ಕೇಳುತ್ತಾನೆ. ವೈದ್ಯರು ತಲೆ ಅಲ್ಲಾಡಿಸುತ್ತಾರೆ. ಈ ಮಾತು ಹದಿನೈದು ವರ್ಷ ಹಿಂದೆ ಕೇಳಬೇಕಾಗಿತ್ತು.

ಸೈನ್ಯದ ಭರ್ತಿಯಲ್ಲಷ್ಟೇ ಅಲ್ಲ, ಸಾರಿಗೆ ಸಂಸ್ಥೆಯ ಚಾಲಕರ ನೇಮಕದಲ್ಲಿ, ಪೊಲೀಸ್ ಭರ್ತಿಯಲ್ಲಿ ಇಂಥ ಹುಡುಗರು ಸಿಗುತ್ತಾರೆ. ಭರ್ತಿಗೆ ಹೋಗದವರಿಗೆ ಇದು ಗೊತ್ತಾಗುವುದೇ ಇಲ್ಲ. ಈ ದೋಷಕ್ಕೆ ವೈದ್ಯರ ಭಾಷೆಯಲ್ಲಿ ಆಂಬ್ಲಿಯೋಪಿಯಾ ಎಂದು ಹೆಸರು. ಜನರ ಮಾತಿನಲ್ಲಿ ಸೋಮಾರಿ ಕಣ್ಣು. ಜಗತ್ತಿನ ಬೇರೆ ಬೇರೆ ಕಡೆ ನಡೆದ ಎಣಿಕೆಗಳ ಪ್ರಕಾರ ನೂರು ಮಕ್ಕಳಲ್ಲಿ ಒಂದರಿಂದ ನಾಲ್ಕು ಮಕ್ಕಳಿಗೆ ಇದು ಇರುತ್ತದೆ. ಅಂದರೆ ಇನ್ನೂರು ಮಕ್ಕಳ ಒಂದು ಹಳ್ಳಿ ಶಾಲೆಯಲ್ಲೂ ಇಂಥ ಕೆಲವು ಮಕ್ಕಳು ಕೂತಿರಬಹುದು. ಅವರು ಯಾರು ಎಂದು ಹೇಳಬಲ್ಲ ಒಂದು ಶಾಲೆ ಈ ಐದು ತಾಲೂಕುಗಳಲ್ಲಿ ಎಷ್ಟಿವೆ?

ಹೆಸರು ಸೋಮಾರಿ, ತಪ್ಪು ಯಾರದು?

ಮೊದಲಿಗೆ ಹೆಸರಿನ ಗೊಂದಲ ಬಿಡಿಸಬೇಕು. ಸೋಮಾರಿ ಎಂದ ಮಾತ್ರಕ್ಕೆ ಮಗು ಸೋಮಾರಿಯಲ್ಲ, ಓದುವುದರಲ್ಲಿ ಮೈಗಳ್ಳನೂ ಅಲ್ಲ. ಎಷ್ಟೋ ಸಲ ಕಣ್ಣಿನ ಗುಡ್ಡೆಯಲ್ಲೂ ಯಾವ ರೋಗ ಕಾಣುವುದಿಲ್ಲ. ತೊಂದರೆ ಇರುವುದು ಕಣ್ಣಿಗೂ ಮಿದುಳಿಗೂ ನಡುವಿನ ವ್ಯವಹಾರದಲ್ಲಿ.

ಅಂಗಡಿಕಾರರಿಗೆ ಇದು ಬೇಗ ತಿಳಿಯುತ್ತದೆ. ಒಂದು ಅಂಗಡಿಗೆ ಎರಡು ಕಡೆಯಿಂದ ಮಾಲು ಬರುತ್ತದೆ. ಒಬ್ಬ ವ್ಯಾಪಾರಿ ಸ್ವಚ್ಛ ಮಾಲು ಕಳಿಸುತ್ತಾನೆ. ಇನ್ನೊಬ್ಬನದು ದಿನವೂ ಕೆಟ್ಟ ಮಾಲು. ಮಾಲೀಕ ಏನು ಮಾಡುತ್ತಾನೆ? ಎರಡನೆಯವನ ಮಾಲು ಇಳಿಸಿಕೊಳ್ಳುವುದನ್ನೇ ನಿಲ್ಲಿಸುತ್ತಾನೆ. ಮಗುವಿನ ಮಿದುಳೂ ಹಾಗೆಯೇ. ಎರಡು ಕಣ್ಣುಗಳಿಂದ ಎರಡು ಚಿತ್ರ ಬರುತ್ತವೆ. ಒಂದು ಸ್ಪಷ್ಟ, ಇನ್ನೊಂದು ಮಸುಕು, ಇಲ್ಲವೇ ಬೇರೆ ದಿಕ್ಕಿನದು. ಮಸುಕು ಚಿತ್ರವನ್ನು ಮಿದುಳು ಬದಿಗಿಡುತ್ತದೆ. ತಿಂಗಳು, ವರ್ಷ ಕಳೆದಂತೆ ಆ ಕಣ್ಣಿನ ಖಾತೆಯೇ ಬಂದ್ ಆಗುತ್ತದೆ. ಇಪ್ಪತ್ತನೇ ವರ್ಷಕ್ಕೆ ಒಳ್ಳೇ ಚಸ್ಮಾ ಹಾಕಿ ಸ್ವಚ್ಛ ಮಾಲು ಕಳಿಸಿದರೂ ಇಳಿಸಿಕೊಳ್ಳುವವರಿಲ್ಲ.

ಇದು ಊಹೆಯ ಮಾತಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿದರು. ಮರಿ ಚಿಕ್ಕದಿರುವಾಗ ಕೆಲವು ವಾರ ಒಂದು ಕಣ್ಣಿನ ರೆಪ್ಪೆ ಹೊಲಿದು ಮುಚ್ಚಿದರೆ, ಆಮೇಲೆ ಬಿಚ್ಚಿದರೂ ಮಿದುಳು ಆ ಕಣ್ಣಿನ ಮಾತು ಕೇಳಲಿಲ್ಲ. ದೊಡ್ಡ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಏನೂ ಆಗಲಿಲ್ಲ. ನೋಡುವುದನ್ನು ಮಿದುಳು ಕಲಿಯುವುದು ಎಳೆ ವಯಸ್ಸಿನಲ್ಲೇ ಎಂದು ಅದರಿಂದ ಗೊತ್ತಾಯಿತು. 1981ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಮನುಷ್ಯನ ಮಗುವಿನಲ್ಲಿ ಈ ಕಲಿಯುವ ಕಾಲ ಹುಟ್ಟಿದಾಗಿನಿಂದ ಸುಮಾರು ಏಳೆಂಟು ವರ್ಷದ ತನಕ. ಅಂದರೆ ಅಂಗನವಾಡಿಯಿಂದ ಎರಡನೇ ಇಯತ್ತೆಯವರೆಗೆ.

ಬರುವ ದಾರಿ ಮೂರು

ಮೊದಲನೆಯದು ಮೆಳ್ಳಗಣ್ಣು. ಒಂದು ಕಣ್ಣು ನೇರ ನೋಡಿದರೆ ಇನ್ನೊಂದು ಒಳಗೋ ಹೊರಗೋ ಸರಿದಿರುತ್ತದೆ. ಎರಡು ಚಿತ್ರ ಒಂದಕ್ಕೊಂದು ಹೊಂದುವುದಿಲ್ಲ. ಎರಡೆರಡು ಕಾಣುವ ಗೊಂದಲ ಬೇಡವೆಂದು ಮಿದುಳು ಸರಿದ ಕಣ್ಣನ್ನು ಕೈಬಿಡುತ್ತದೆ. ಮನೆಯ ಹಿರಿಯರು ಮಾತ್ರ "ಮೆಳ್ಳಗಣ್ಣು ಅದೃಷ್ಟದ ಕಣ್ಣು, ಮನೀಗೆ ಲಕ್ಷ್ಮೀ ಬರ್ತಾಳ" ಎನ್ನುತ್ತಾರೆ. ಲಕ್ಷ್ಮೀ ಬಂದಳೋ ಇಲ್ಲವೋ, ಕಣ್ಣಂತೂ ಹೋಗುತ್ತದೆ. "ದೊಡ್ಡಾಂವ ಆದಮ್ಯಾಲೆ ತಾನ ಸರಿ ಹೊಕ್ಕೈತಿ" ಎಂಬ ಸಮಾಧಾನವೂ ಅಷ್ಟೇ ಅಪಾಯದ್ದು. ಹುಟ್ಟಿದ ಮೊದಲ ಮೂರ್ನಾಲ್ಕು ತಿಂಗಳು ಕೂಸಿನ ಕಣ್ಣು ಆಗಾಗ ಅತ್ತಿತ್ತ ಸರಿಯುವುದು ಸಹಜ. ಆಮೇಲೂ ಸರಿಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಎರಡನೆಯದು ಎರಡು ಕಣ್ಣಿನ ನಂಬರಿನ ವ್ಯತ್ಯಾಸ. ಒಂದು ಕಣ್ಣಿಗೆ ನಂಬರು ಇಲ್ಲವೇ ಇಲ್ಲ, ಇನ್ನೊಂದಕ್ಕೆ ಮೂರೋ ನಾಲ್ಕೋ. ನೋಡುವವರಿಗೆ ಎರಡೂ ಕಣ್ಣು ಚೆಂದ, ನೇರ. ಮಗು ಒಳ್ಳೇ ಕಣ್ಣಿನಿಂದ ಓದುತ್ತದೆ, ಗೋಟಿ ಆಡುತ್ತದೆ, ಸೈಕಲ್ ಹೊಡೆಯುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ಭರ್ತಿಯ ದಿನ ಸಿಕ್ಕಿಬೀಳುವ ಹುಡುಗರಲ್ಲಿ ಈ ಜಾತಿಯವರು ಬಹಳ. ಮೆಳ್ಳಗಣ್ಣು ಕನಿಷ್ಠ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದೇ ಇಲ್ಲ.

ಮೂರನೆಯದು ಕಣ್ಣಿಗೆ ಬೆಳಕು ಹೋಗುವ ದಾರಿಯೇ ಕಟ್ಟುವುದು. ಹುಟ್ಟಿನಿಂದ ಬಂದ ಪೊರೆ, ಅರ್ಧ ಜೋತುಬಿದ್ದ ರೆಪ್ಪೆ ಇಂಥವು. ಇದು ಅಪರೂಪ, ಆದರೆ ಎಲ್ಲಕ್ಕಿಂತ ಕಠಿಣ. ಕೂಸಿನ ಪೊರೆ ದಟ್ಟವಾಗಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ತೆಗೆಸಬೇಕಾಗುತ್ತದೆ. ಇಲ್ಲಿ ತಿಂಗಳ ಲೆಕ್ಕವೂ ದೊಡ್ಡದೇ. ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಪಾಲಕರು ಅದೇ ವಾರ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಅದು ಪೊರೆ ಇರಬಹುದು, ಕಣ್ಣೊಳಗಿನ ಗಡ್ಡೆಯೂ ಇರಬಹುದು.

ಪೊರೆಗೆ ಕಾದ ಹಾಗೆ ಇದಕ್ಕೆ ಕಾಯಬಾರದು

ಈ ಭಾಗದ ಜನಕ್ಕೆ ಕಣ್ಣಿನ ರೋಗ ಹೊಸದಲ್ಲ, ಕಣ್ಣಿನ ಶಿಬಿರವೂ ಹೊಸದಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರ ಹೆಸರು ಉತ್ತರ ಕರ್ನಾಟಕದ ಹಳೇ ತಲೆಗಳಿಗೆ ಇಂದಿಗೂ ಬಾಯಿಪಾಠ. ಊರೂರಿಗೆ ಹೋಗಿ ಶಿಬಿರ ಹಾಕಿ, ಒಂದೇ ದಿನ ನೂರಾರು ಜನರ ಪೊರೆ ತೆಗೆದ ಪುಣ್ಯಾತ್ಮರು ಅವರು. 2005ರಲ್ಲಿ ತೀರಿಕೊಂಡರು. ಆ ಶಿಬಿರಗಳು ಲಕ್ಷಾಂತರ ಮುದುಕ ಮುದುಕಿಯರಿಗೆ ಬೆಳಕು ಕೊಟ್ಟವು. ಜೊತೆಗೆ ಜನರ ತಲೆಯಲ್ಲಿ ಒಂದು ತಿಳಿವಳಿಕೆಯೂ ಉಳಿಯಿತು. ಕಣ್ಣಿನ ರೋಗ ಅಂದರೆ ವಯಸ್ಸಾದವರದು. ಪೊರೆ ಬಲಿಯಲಿ, ಸುಗ್ಗಿ ಮುಗಿಯಲಿ, ಶಿಬಿರ ಬರಲಿ, ಆಮೇಲೆ ನೋಡಿದರಾಯಿತು.

ಅಜ್ಜನ ಪೊರೆ ಈ ವರ್ಷ ತೆಗೆದರೂ, ಬರುವ ವರ್ಷ ತೆಗೆದರೂ ಸಾಮಾನ್ಯವಾಗಿ ಕಣ್ಣು ಬರುತ್ತದೆ. ಮೊಮ್ಮಗನ ಸೋಮಾರಿ ಕಣ್ಣಿನ ಲೆಕ್ಕ ಬೇರೆ. ಅಲ್ಲಿ ಒಂದೊಂದು ವರ್ಷಕ್ಕೂ ಬಡ್ಡಿ ಬೆಳೆಯುತ್ತದೆ. ಆದರೆ ಮನೆಗಳಲ್ಲಿ ನಡೆಯುವುದೇನು? ಅಜ್ಜನನ್ನು ಜೀಪಿನಲ್ಲಿ ಕೂರಿಸಿ ಶಿಬಿರಕ್ಕೆ ಒಯ್ಯುತ್ತಾರೆ. ಪಕ್ಕದಲ್ಲಿ ಕೂತ ಐದು ವರ್ಷದ ಹುಡುಗ ತಲೆ ಓರೆ ಮಾಡಿ ನೋಡುತ್ತಿರುತ್ತಾನೆ. ಅವನನ್ನು ಯಾರೂ ಕುರ್ಚಿಯಲ್ಲಿ ಕೂರಿಸುವುದಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ

ಇದಕ್ಕೆ ಯಂತ್ರ ಬೇಡ, ದುಡ್ಡೂ ಬೇಡ. ಮಗು ಟಿ.ವಿ. ನೋಡುವಾಗ ಅಥವಾ ಚಿತ್ರದ ಪುಸ್ತಕ ತೋರಿಸುವಾಗ ತಾಯಿ ಮೆಲ್ಲಗೆ ಒಂದು ಕಣ್ಣು ಮುಚ್ಚಬೇಕು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಎಡಗಣ್ಣು ಮುಚ್ಚಿದಾಗ ಸುಮ್ಮನಿದ್ದ ಮಗು ಬಲಗಣ್ಣು ಮುಚ್ಚಿದ ಕೂಡಲೇ ಕೈ ಕಿತ್ತೆಸೆದರೆ, ಅತ್ತರೆ, "ಅವ್ವಾ, ಕಾಣವಲ್ದು" ಎಂದರೆ, ಮುಚ್ಚದೆ ಉಳಿದ ಕಣ್ಣಿನಲ್ಲಿ ತೊಂದರೆ ಇದೆ ಎಂದು ತಿಳಿಯಬೇಕು. ಬೆರಳ ಸಂದಿಯಿಂದ ಇಣುಕುವುದರಲ್ಲಿ ಮಕ್ಕಳು ಬಲು ಜಾಣರು. ಅಂಗೈ ಸರಿಯಾಗಿ ಒತ್ತಿ ಹಿಡಿಯಬೇಕು, ಇಲ್ಲವೇ ಮಡಚಿದ ಕರವಸ್ತ್ರ ಇಡಬೇಕು. ಕಣ್ಣುಗುಡ್ಡೆಯ ಮೇಲೆ ಮಾತ್ರ ಭಾರ ಹಾಕಬಾರದು.

ಸ್ವಲ್ಪ ದೊಡ್ಡ ಮಕ್ಕಳಿಗೆ ಅಂಗಡಿಯೇ ಶಾಲೆ. ಎದುರಿನ ಅಂಗಡಿಯ ಬೋರ್ಡು, ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು ಒಂದೊಂದೇ ಕಣ್ಣಿನಿಂದ ಓದಿಸಬೇಕು. ಬಲಗಣ್ಣಿಗೆ ನಿಪ್ಪಾಣಿ ಎಂದು ಕಂಡದ್ದು ಎಡಗಣ್ಣಿಗೆ ಬರೀ ಕಪ್ಪು ಗೆರೆ ಎಂದು ಕಂಡರೆ ಮುಂದಿನ ದಾರಿ ಆಸ್ಪತ್ರೆಯದೇ. ಬಿಸಿಲಿಗೆ ಬಂದರೆ ಒಂದೇ ಕಣ್ಣು ಮುಚ್ಚುವುದು, ತಲೆ ಒಂದು ಕಡೆ ವಾಲಿಸಿ ನೋಡುವುದು, ಮೆಟ್ಟಿಲಿನ ಅಂದಾಜು ತಪ್ಪುವುದು, ಎಸೆದ ಚೆಂಡು ಹಿಡಿಯಲಾಗದಿರುವುದು ಕೂಡ ಗುರುತುಗಳೇ. ತಂದೆ ತಾಯಿಗೆ, ಅಕ್ಕ ಅಣ್ಣಂದಿರಿಗೆ ಮೆಳ್ಳಗಣ್ಣು ಅಥವಾ ಚಿಕ್ಕಂದಿನಿಂದ ದೊಡ್ಡ ನಂಬರಿನ ಚಸ್ಮಾ ಇದ್ದರೆ, ತಿಂಗಳು ತುಂಬುವ ಮೊದಲೇ ಕೂಸು ಹುಟ್ಟಿದ್ದರೆ, ಆ ಮನೆಯವರು ಇನ್ನೂ ಎಚ್ಚರದಿಂದಿರಬೇಕು.

ಆದರೆ ಮನೆಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಸುಮ್ಮನಿರುವುದೂ ಸರಿಯಲ್ಲ. ಮೂರ್ನಾಲ್ಕು ವರ್ಷಕ್ಕೆ ಒಮ್ಮೆ, ಒಂದನೇ ಇಯತ್ತೆಗೆ ಸೇರಿಸುವ ಮೊದಲು ಮತ್ತೊಮ್ಮೆ ಕಣ್ಣು ತೋರಿಸುವುದೇ ಕ್ಷೇಮ.

ಆಸ್ಪತ್ರೆಯಲ್ಲಿ ನಡೆಯುವುದೇನು?

ಮಗುವಿಗೆ ಅಕ್ಷರ ಬರುವುದಿಲ್ಲ, ಡಾಕ್ಟರು ಹೇಗೆ ನೋಡುತ್ತಾರೆ ಎಂದು ಹಲವರು ಕೇಳುವುದುಂಟು. ಅಕ್ಷರ ಬಾರದವರಿಗಾಗಿ ಇಂಗ್ಲಿಷಿನ 'ಇ' ಆಕಾರದ ಗುರುತುಗಳ ಹಲಗೆ ಇದೆ. ಅದರ ಕಾಲು ಮೇಲೋ ಕೆಳಗೋ ಎಡಕ್ಕೋ ಬಲಕ್ಕೋ ಎಂದು ಮಗು ಕೈಯಿಂದ ತೋರಿಸಿದರೆ ಸಾಕು. ಕನ್ನಡ ಶಾಲೆಯ ಮಗುವಾಗಲಿ, ಮರಾಠಿ ಶಾಲೆಯ ಮಗುವಾಗಲಿ, ಆ ಹಲಗೆಗೆ ಭೇದವಿಲ್ಲ. ಗಡಿಯಲ್ಲಿ ಜಗಳವಿಲ್ಲದ ಭಾಷೆ ಅದೊಂದೇ ಇರಬೇಕು! ಇನ್ನೂ ಚಿಕ್ಕ ಕೂಸಿಗೆ ಪಾಪೆ ಅಗಲಿಸುವ ಹನಿ ಅಥವಾ ಮುಲಾಮು ಹಾಕಿ, ಕೈದೀಪದಂಥ ಉಪಕರಣದ ಬೆಳಕು ಬಿಟ್ಟು ನಂಬರು ಅಳೆಯುತ್ತಾರೆ. ಮಗು ಒಂದು ಮಾತೂ ಆಡಬೇಕಾಗಿಲ್ಲ. ಆಮೇಲೆ ಕಣ್ಣಿನ ಒಳಭಾಗ ನೋಡಿ ಪೊರೆ, ನರದ ದೋಷ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ಆ ಹನಿಯಿಂದ ಕೆಲವು ಗಂಟೆ, ಕೆಲವು ಸಲ ಕೆಲವು ದಿನ ಬೆಳಕು ಕುಕ್ಕುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಪಾಲಕರು ಹೆದರಿ ಅರ್ಧಕ್ಕೆ ಬಿಡಬಾರದು. ಹನಿ ಹಾಕದೆ ಕಂಪ್ಯೂಟರ್ ಮುಂದೆ ಕೂರಿಸಿ ಎರಡು ನಿಮಿಷದಲ್ಲಿ ಬರೆದುಕೊಟ್ಟ ನಂಬರು ದೊಡ್ಡವರಿಗೆ ನಡೆದೀತು. ಚಿಕ್ಕ ಮಕ್ಕಳ ಕಣ್ಣು ಒಳಗೇ ಬಿಗಿಹಿಡಿದು ನಂಬರು ಬಚ್ಚಿಡುತ್ತದೆ. ಆದ್ದರಿಂದ ಮಗುವಿನ ಮೊದಲ ಚಸ್ಮಾ ಕಣ್ಣಿನ ವೈದ್ಯರ ಚೀಟಿಯ ಮೇಲೆಯೇ ಆಗಬೇಕು.

ಬಟ್ಟೆಯ ಪಟ್ಟಿಯೇ ಮದ್ದು

ಮದ್ದಿನಲ್ಲಿ ಮೊದಲನೆಯದು ಚಸ್ಮಾ. ಶಾಲೆಗೆ ಹೋಗುವಾಗಷ್ಟೇ ಅಲ್ಲ, ಎದ್ದಾಗಿನಿಂದ ಮಲಗುವ ತನಕ. ಕೆಲವು ಮಕ್ಕಳಿಗೆ ನಾಲ್ಕೈದು ತಿಂಗಳು ಚಸ್ಮಾ ಸರಿಯಾಗಿ ಹಾಕಿದ್ದರಿಂದಲೇ ಕಣ್ಣು ಸುಧಾರಿಸುತ್ತದೆ. ಅಷ್ಟಕ್ಕೆ ಆಗದಿದ್ದರೆ ಎರಡನೆಯದು ಪಟ್ಟಿ. ಇಲ್ಲೇ ಹಲವರು ಎಡವುತ್ತಾರೆ. ಪಟ್ಟಿ ಕಟ್ಟುವುದು ಕೆಟ್ಟ ಕಣ್ಣಿಗಲ್ಲ, ಒಳ್ಳೇ ಕಣ್ಣಿಗೆ. ಒಳ್ಳೇ ಮಾಲಿನವನ ಗಾಡಿ ದಿನಕ್ಕೆ ಎರಡು ತಾಸು ತಡೆದರೆ ಅಂಗಡಿಗೆ ಎರಡನೆಯವನ ಮಾಲು ಇಳಿಸಿಕೊಳ್ಳದೆ ಗತಿಯಿಲ್ಲ. ಮಿದುಳು ಮತ್ತೆ ಆ ಕಣ್ಣಿನ ಖಾತೆ ತೆರೆಯುತ್ತದೆ. ಈ ಉಪಾಯ ಬಹಳ ಹಳೆಯದು. 1743ರಷ್ಟು ಹಿಂದೆಯೇ ಫ್ರಾನ್ಸಿನ ಬುಫಾನ್ ಎಂಬ ಪಂಡಿತ ಒಳ್ಳೇ ಕಣ್ಣು ಮುಚ್ಚಬೇಕೆಂದು ಬರೆದಿದ್ದ.

ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು. ಅಮೆರಿಕದ ಮಕ್ಕಳ ಕಣ್ಣಿನ ವೈದ್ಯರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯಮ ಪ್ರಮಾಣದ ದೋಷಕ್ಕೆ ದಿನಕ್ಕೆ ಎರಡು ತಾಸಿನ ಪಟ್ಟಿ ಆರು ತಾಸಿನ ಪಟ್ಟಿಯಷ್ಟೇ ಫಲ ಕೊಟ್ಟಿತು. ದೋಷ ಹೆಚ್ಚಿದ್ದರೆ ಹೆಚ್ಚು ತಾಸು ಬೇಕಾಗುತ್ತದೆ. ಪಟ್ಟಿಗೆ ಒಪ್ಪದ ಮಕ್ಕಳಿಗೆ ಒಳ್ಳೇ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನು ಸ್ವಲ್ಪ ಮಸುಕು ಮಾಡುವ ದಾರಿಯೂ ಇದೆ. ಮಧ್ಯಮ ದೋಷಕ್ಕೆ ಅದೂ ಪಟ್ಟಿಯಷ್ಟೇ ಉಪಯೋಗಿ ಎಂದು ಅದೇ ತಂಡ 2002ರಲ್ಲಿ ತೋರಿಸಿತು. ಈ ಹನಿಯ ಬಾಟಲಿಯನ್ನು ಬೇರೆ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ವೈದ್ಯರು ಹೇಳದೆ ಯಾರೂ ಹಾಕಬಾರದು.

ಮೆಳ್ಳಗಣ್ಣಿಗೆ ಆಪರೇಶನ್ ಇದೆ. ಅದು ಕಣ್ಣನ್ನು ನೇರ ಮಾಡುತ್ತದೆ, ಮಿದುಳಿಗೆ ನೋಡುವುದನ್ನು ಕಲಿಸುವುದಿಲ್ಲ. ಆಪರೇಶನ್ ಆಯಿತೆಂದು ಚಸ್ಮಾ ಪಟ್ಟಿ ಬಿಸಾಡಿದರೆ ಮುಖ ಚೆಂದ ಕಂಡೀತು, ದೃಷ್ಟಿ ಬರುವುದಿಲ್ಲ. ಕಾಡಿಗೆ, ಎಣ್ಣೆ, ಜೇನುಹನಿ, ಗಜ್ಜರಿ ರಸ ಯಾವುದೂ ಇದಕ್ಕೆ ಮದ್ದಲ್ಲ. ಗಜ್ಜರಿ ತಿನ್ನಲಿ, ಒಳ್ಳೆಯದೇ. ಆದರೆ ಪಟ್ಟಿಯ ಬದಲಿಗೆ ಗಜ್ಜರಿ ಬೇಡ.

ಮನಸ್ಸಿಗೆ ಬಂದಂತೆ ಪಟ್ಟಿ ಕಟ್ಟಿದರೆ ಒಳ್ಳೇ ಕಣ್ಣೇ ಹಿಂದೆ ಬೀಳುವ ಅಪಾಯವೂ ಇದೆ. ಅದಕ್ಕೇ ಕರೆದ ದಿನ ತಪ್ಪದೆ ತೋರಿಸಬೇಕು. ಗುಣವಾಯಿತೆಂದು ನಿಲ್ಲಿಸಿದ ಮೇಲೆ ಒಂದು ವರ್ಷದೊಳಗೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ದೋಷ ಮರಳುವುದುಂಟು. ಆದ್ದರಿಂದ ನಿಲ್ಲಿಸಿದ ಮೇಲೂ ತೋರಿಸುತ್ತಿರಬೇಕು.

ಹಾಗಾದರೆ ಎಂಟು ದಾಟಿದವರ ಕಥೆ ಮುಗಿಯಿತೇ? ಇಲ್ಲ. ಅದೇ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 7ರಿಂದ 12 ವರ್ಷದ ಮಕ್ಕಳ ಪೈಕಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳಿಗೆ ಚಸ್ಮಾ ಜೊತೆಗಿನ ಚಿಕಿತ್ಸೆಯಿಂದ ಗುಣ ಕಂಡಿತು. ಮೊದಲು ಚಿಕಿತ್ಸೆಯನ್ನೇ ಪಡೆಯದ 13ರಿಂದ 17ರ ಹುಡುಗರಲ್ಲೂ ಕೆಲವರಿಗೆ ಲಾಭವಾಯಿತು. ಹತ್ತನೇ ಇಯತ್ತೆಯ ಹುಡುಗನಲ್ಲಿ ಈಗ ಕಂಡುಬಂದರೂ ಪ್ರಯತ್ನ ಮಾಡಬೇಕು. ಆದರೆ ಐದನೇ ವರ್ಷಕ್ಕೆ ಎರಡು ತಾಸಿನಲ್ಲಿ ಆಗುವ ಕೆಲಸ ಹದಿನೈದಕ್ಕೆ ಆರು ತಾಸಿನಲ್ಲೂ ಆದೀತು ಎಂಬ ಭರವಸೆಯಿಲ್ಲ.

ಒಂದು ಕಣ್ಣಿದೆಯಲ್ಲ, ಸಾಲದೇ?

ಹೀಗೆ ಕೇಳುವವರೂ ಇದ್ದಾರೆ. ಒಂದು ಕಣ್ಣಿನಿಂದ ಅಂಗಡಿ ನಡೆಸಬಹುದು, ಹೊಲ ಮಾಡಬಹುದು ನಿಜ. ಆದರೆ ಆಳದ ಅಂದಾಜು ಎರಡೂ ಕಣ್ಣು ಕೂಡಿದರೇ ಚೆನ್ನಾಗಿ ಸಿಗುವುದು. ಕೆಲವು ನೌಕರಿಗಳ ಬಾಗಿಲು ಮುಚ್ಚುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಉಳಿದ ಒಂದೇ ಕಣ್ಣಿಗೆ ಪೆಟ್ಟು ಬಿದ್ದರೆ ಗತಿಯೇನು? ಇದು ಕಬ್ಬಿನ ಸೀಮೆ. ಕಬ್ಬಿನ ಗರಿ ಕಣ್ಣಿಗೆ ಹೊಡೆಯುವುದು ಇಲ್ಲಿ ಯಾರಿಗೂ ಹೊಸದಲ್ಲ. ದೀಪಾವಳಿಯ ಪಟಾಕಿ, ಕ್ರಿಕೆಟ್ ಚೆಂಡು, ವೆಲ್ಡಿಂಗ್ ಕಿಡಿ ಬೇರೆ. ಎರಡು ಕಣ್ಣಿನವನು ಒಂದು ಕಳಕೊಂಡರೆ ಇನ್ನೊಂದಿದೆ. ಸೋಮಾರಿ ಕಣ್ಣಿನವನು ಆ ಒಂದನ್ನು ಕಳಕೊಂಡರೆ ಕುರುಡನಾದಂತೆಯೇ.

ಗಡಿ ದಾಟುವ ತಂದೆ, ಬೀಡಿ ಕಟ್ಟುವ ತಾಯಿ

ಪಾಲಕರನ್ನಷ್ಟೇ ಬೈದರೆ ನ್ಯಾಯವಾಗದು. ಕಾಗವಾಡ, ಅಥಣಿ, ರಾಯಬಾಗದವರಿಗೆ ಆಸ್ಪತ್ರೆ ಎಂದರೆ ಮಿರಜ್. 1894ರಲ್ಲಿ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದಾಗಿನಿಂದ ಅದು ದವಾಖಾನೆಗಳ ಊರೇ ಆಗಿದೆ. ನಿಪ್ಪಾಣಿಯವರು ಕೊಲ್ಲಾಪುರದ ಬಸ್ಸು ಹಿಡಿಯುತ್ತಾರೆ, ಚಿಕ್ಕೋಡಿಯವರು ಬೆಳಗಾವಿಯದು. ಒಂದು ಸಲ ಹೋಗುವುದು ಕಷ್ಟವಲ್ಲ. ಆದರೆ ಸೋಮಾರಿ ಕಣ್ಣಿನ ಚಿಕಿತ್ಸೆ ಒಂದು ಸಲಕ್ಕೆ ಮುಗಿಯುವುದಿಲ್ಲ, ವರ್ಷವಿಡೀ ಓಡಾಡಬೇಕು. ಕಿರಾಣಿ ಅಂಗಡಿಯವನು ಬಾಗಿಲು ಹಾಕಿದರೆ ಆ ದಿನದ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಿ ಒಂದು ದಿನ ಬಿಟ್ಟರೆ ಆ ದಿನದ ಕೂಲಿಯೇ ಇಲ್ಲ. ಹೀಗಾಗಿ ಮೂರನೇ ಭೇಟಿಗೆ ಚಿಕಿತ್ಸೆ ನಿಂತುಹೋಗುತ್ತದೆ.

ಕಬ್ಬಿನ ಗ್ಯಾಂಗಿನ ಮಕ್ಕಳ ಪಾಡು ಇನ್ನೂ ಕಷ್ಟ. ಕಾರ್ಖಾನೆ ಶುರುವಾದ ಮೇಲೆ ಹೊಲದ ಬದುವಿನ ಗುಡಿಸಲಿನಲ್ಲಿರುವ ಆ ಮಕ್ಕಳು ತಮ್ಮೂರಿನ ಅಂಗನವಾಡಿಗೂ ಸಿಗುವುದಿಲ್ಲ, ಇಲ್ಲಿಯ ಪಟ್ಟಿಗೂ ಸೇರುವುದಿಲ್ಲ. ತಪಾಸಣೆಯ ಗಾಡಿ ಬಂದಾಗ ಅವರು ಯಾವ ಊರಿನಲ್ಲೂ ಇರುವುದಿಲ್ಲ.

ಇನ್ನೊಂದು ಅಡ್ಡಿ ಜನರ ಬಾಯಿ. ಚಸ್ಮಾ ಹಾಕಿದ ಮಗುವಿಗೆ ಸೋಡಾಬುಡ್ಡಿ ಎಂಬ ಬಿರುದು, ಪಟ್ಟಿ ಕಟ್ಟಿದ ಮಗುವಿಗೆ ಒಕ್ಕಣ್ಣ ಎಂಬ ಬಿರುದು. ಹೆಣ್ಣುಮಗುವಾದರೆ "ನಾಳೆ ಲಗ್ನಕ್ಕ ತೊಂದ್ರಿ ಆಗ್ತೈತಿ" ಎಂದು ಅಜ್ಜಿಯೇ ಚಸ್ಮಾ ಎತ್ತಿಡುತ್ತಾಳೆ. ಐದನೇ ವರ್ಷಕ್ಕೆ ಎತ್ತಿಟ್ಟ ಚಸ್ಮಾ ಲಗ್ನದ ಹೊತ್ತಿಗೆ ಕಣ್ಣನ್ನೇ ಎತ್ತಿಟ್ಟಿರುತ್ತದೆ. ಮಾಸ್ತರರು ಮನಸ್ಸು ಮಾಡಿದರೆ ಈ ಬಿರುದು ಒಂದೇ ದಿನದಲ್ಲಿ ನಿಲ್ಲುತ್ತದೆ. ಪಟ್ಟಿಯ ಎರಡು ತಾಸು ಶಾಲೆ ಬಿಟ್ಟ ಮೇಲೆ ಮನೆಯಲ್ಲಿ, ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಕೂತು ಲೆಕ್ಕ ಬರೆಯುತ್ತಾ, ಚಿತ್ರಕ್ಕೆ ಬಣ್ಣ ತುಂಬುತ್ತಾ ಕಳೆಯಬಹುದು.

ಬೇಕಾದದ್ದು ಎರಡು ಕಾಲಂ

ಸರಕಾರದಲ್ಲಿ ಯೋಜನೆ ಇಲ್ಲವೇ? ಇದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಷ್ಟು ಹಳೆಯದು. ಶಾಲಾ ಮಕ್ಕಳ ಕಣ್ಣಿನ ತಪಾಸಣೆ, ಉಚಿತ ಚಸ್ಮಾ ಅದರ ಕೆಲಸಗಳಲ್ಲಿ ಸೇರಿವೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ನಿಯಮದಂತೆ ವೈದ್ಯರ ತಂಡದ ಗಾಡಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬರಬೇಕು. ಆದರೆ ತೂಕ, ಹಲ್ಲು, ರಕ್ತಹೀನತೆ ಎಲ್ಲ ನೋಡಿ ಒಂದು ದಿನದಲ್ಲಿ ಒಂದು ಶಾಲೆ ಮುಗಿಸುವ ಗಡಿಬಿಡಿಯಲ್ಲಿ ಎರಡೂ ಕಣ್ಣು ತೆರೆದೇ ಅಕ್ಷರ ಓದಿಸಿ ಟಿಕ್ ಹಾಕಿದರೆ ಸೋಮಾರಿ ಕಣ್ಣು ಸಿಗುವುದುಂಟೇ? ಒಂದು ಕಣ್ಣು ಮುಚ್ಚದ ತಪಾಸಣೆ ಈ ದೋಷದ ಮಟ್ಟಿಗೆ ತಪಾಸಣೆಯೇ ಅಲ್ಲ.

ಆದ್ದರಿಂದ ಬೇಕಾದದ್ದು ಹೊಸ ಯೋಜನೆಯಲ್ಲ, ಹೊಸ ಕಟ್ಟಡವಲ್ಲ. ಒಂದನೇ ಇಯತ್ತೆಯ ಪ್ರವೇಶದ ಹಾಳೆಯಲ್ಲಿ ಎರಡು ಕಾಲಂ ಬೇಕು. ಬಲಗಣ್ಣು ಎಷ್ಟು, ಎಡಗಣ್ಣು ಎಷ್ಟು. ಜನ್ಮದ ದಾಖಲೆ, ಆಧಾರ ಕಾರ್ಡು ಕೇಳುವ ಶಾಲೆ ಇದನ್ನೂ ಕೇಳಲಿ. ಇಪ್ಪತ್ತು ಅಡಿ ದೂರದ ಗೋಡೆ, ಒಂದು 'ಇ' ಹಲಗೆ, ಒಂದು ರಟ್ಟಿನ ತುಂಡು ಇದ್ದರೆ ತರಬೇತಿ ಪಡೆದ ಶಿಕ್ಷಕಿಯೊಬ್ಬರು ಒಂದು ಮಗುವನ್ನು ಐದು ನಿಮಿಷದಲ್ಲಿ ನೋಡಬಲ್ಲರು. ಎರಡು ಕಣ್ಣಿನಲ್ಲಿ ವ್ಯತ್ಯಾಸ ಕಂಡ ಮಗುವಿನ ಹೆಸರು ಅದೇ ವಾರ ತಾಲೂಕಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋಗಲಿ. ಖಾಸಗಿ ಶಾಲೆಗಳಿಗೂ ಇದೇ ಕಟ್ಟಳೆ ಇರಲಿ.

ಐದೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿಯೇ ಇವೆ. ಉಪನಿರ್ದೇಶಕರ ಒಂದು ಸುತ್ತೋಲೆ ಸಾಕು. ತಾಲೂಕಾ ಆರೋಗ್ಯಾಧಿಕಾರಿಗಳು ತಿಂಗಳಿಗೊಂದು ದಿನ ಇಂಥ ಮಕ್ಕಳಿಗಾಗಿಯೇ ಮೀಸಲಿಟ್ಟರೆ, ಮೊದಲ ಪರೀಕ್ಷೆ ದೊಡ್ಡ ಆಸ್ಪತ್ರೆಯಲ್ಲಾದರೂ ನಡುವಿನ ಭೇಟಿಗಳು ಊರ ಹತ್ತಿರವೇ ಮುಗಿದಾವು. ತಂದೆಯ ಅಂಗಡಿಯೂ ಬಂದ್ ಆಗದು, ತಾಯಿಯ ಕೂಲಿಯೂ ಹೋಗದು. ಸಕ್ಕರೆ ಕಾರ್ಖಾನೆಗಳು ಕಬ್ಬು ತೂಗುವ ಅಂಗಳದಲ್ಲೇ ಹಂಗಾಮಿನಲ್ಲಿ ಒಂದು ದಿನ ಗ್ಯಾಂಗಿನ ಮಕ್ಕಳ ಕಣ್ಣು ನೋಡಿಸಿದರೆ ಖರ್ಚು ಎಷ್ಟಾದೀತು? ಶಿಬಿರ ಹಾಕಿಸುವ ಸಂಘ ಸಂಸ್ಥೆಗಳು, ವ್ಯಾಪಾರಿ ಸಂಘಗಳು ಅಜ್ಜಂದಿರ ಸಾಲಿನ ಪಕ್ಕದಲ್ಲಿ ಮಕ್ಕಳದೊಂದು ಸಾಲು ಮಾಡಲಿ.

ಚಿಕ್ಕೋಡಿ ಜಿಲ್ಲೆ ಆಗಬೇಕೆಂಬ ಕೂಗಿಗೆ ದಶಕಗಳ ವಯಸ್ಸು. ಅದಕ್ಕಾಗಿ ಜನ ಕಾದಿದ್ದಾರೆ. ರಸ್ತೆಗೆ, ನೀರಿಗೆ, ರೈಲಿಗೆ ಕಾಯುವುದು ಗಡಿಭಾಗದವರಿಗೆ ರೂಢಿಯಾಗಿದೆ. ಆದರೆ ಈ ಜೂನ್‌ನಲ್ಲಿ ಒಂದನೇ ಇಯತ್ತೆಗೆ ಸೇರುವ ಮಗುವಿಗೆ ಕಾಯುವ ಸವಲತ್ತು ಇಲ್ಲ. ಅದಕ್ಕೆ ಎರಡೇ ಎರಡು ವರ್ಷ ಕೈಯಲ್ಲಿವೆ. ಇವತ್ತು ಸಂಜೆ ಅಂಗಡಿ ಬಾಗಿಲು ಹಾಕಿ ಮನೆಗೆ ಹೋದವರು, ಕೊನೇ ಬಸ್ಸಿಗೆ ಇಳಿದವರು ಊಟಕ್ಕೆ ಕೂರುವ ಮೊದಲು ಮಗುವನ್ನು ಎದುರಿಗೆ ಕೂರಿಸಿಕೊಂಡು ಒಂದು ಕಣ್ಣು ಮುಚ್ಚಲಿ. ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಲಿ. ಆಮೇಲೆ ಇನ್ನೊಂದು ಕಣ್ಣು. ಸುತ್ತೋಲೆ ಬರುವ ತನಕ ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.